ಟರ್ಕಿ ಕೋಳಿ: ಎದೆ ಒಣಗಬಾರದು, ತೊಡೆ ಹಸಿಯಾಗಿ ಉಳಿಯಬಾರದು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಈ ಸಲದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹನ್ನೆರಡು ಜನ ಬರುತ್ತಾರೆ. 14 ಪೌಂಡಿನ ಫ್ರೋಜನ್ ಟರ್ಕಿ ತಂದಿಟ್ಟಿದ್ದೇವೆ. ಹೋದ ವರ್ಷ ಇಡೀ ಕೋಳಿಯನ್ನು ಓವನ್‌ನಲ್ಲಿಟ್ಟು ನಾಲ್ಕು ಗಂಟೆ ಬೇಯಿಸಿದೆ. ಎದೆಯ ಭಾಗ ಹತ್ತಿಯ ಹಾಗೆ ಒಣಗಿತ್ತು, ತೊಡೆಯ ಸಂದಿನಲ್ಲಿ ಮಾತ್ರ ಇನ್ನೂ ಕೆಂಪಗಿತ್ತು. ಈ ಸಲ ಭಾವ ಗ್ಯಾರೇಜಿನಲ್ಲಿ ಎಣ್ಣೆಗೆ ಬಿಟ್ಟು ಕರಿಯೋಣ ಎನ್ನುತ್ತಿದ್ದಾರೆ, ಪಕ್ಕದ ಮನೆಯವರು ಸ್ಮೋಕರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮಲ್ಲಿರುವುದು ಒಂದೇ ಓವನ್. ಯಾವ ವಿಧಾನ ಒಳ್ಳೆಯದು? ನಮ್ಮ ಮಸಾಲೆ ಹಾಕಬಹುದೇ?

ಉತ್ತರ: ಟರ್ಕಿಯ ಕಷ್ಟವೆಲ್ಲ ಇರುವುದು ಒಂದೇ ಕಡೆ. ಅದರ ಎದೆ ಮತ್ತು ಕಾಲು ಎರಡು ಬೇರೆ ಬೇರೆ ಮಾಂಸ. ಅಂಗಡಿಯಲ್ಲಿ ಸಿಗುವ ಟರ್ಕಿ ಬಹುಪಾಲು ಬ್ರಾಡ್ ಬ್ರೆಸ್ಟೆಡ್ ವೈಟ್ ಎಂಬ ತಳಿಯದು. ದಪ್ಪ ಎದೆಗೆಂದೇ ಬೆಳೆಸಿದ ತಳಿ ಇದು. ಆ ಎದೆಯಲ್ಲಿ ಕೊಬ್ಬು ಕಡಿಮೆ, ನಾರು ಕಟ್ಟುವ ಕೊಲಾಜೆನ್ ಇನ್ನೂ ಕಡಿಮೆ. ಒಳಗಿನ ಕಾವು 150 ಡಿಗ್ರಿ ಫ್ಯಾರನ್‌ಹೀಟ್ (65 ಸೆಲ್ಸಿಯಸ್) ದಾಟಿದಂತೆಲ್ಲ ಎಳೆಗಳು ಬಿಗಿದುಕೊಂಡು ತಮ್ಮ ನೀರನ್ನು ತಾವೇ ಹಿಂಡಿ ಹಾಕುತ್ತವೆ. 180ಕ್ಕೆ ಹೋದ ಎದೆಯನ್ನು ಯಾವ ಗ್ರೇವಿಯೂ ಉಳಿಸಲಾರದು. ಕಾಲಿನದು ಇದಕ್ಕೆ ತಿರುಗುಮುರುಗು. ದಿನವಿಡೀ ಮೈಭಾರ ಹೊತ್ತು ನಡೆಯುವ ಸ್ನಾಯು ಅದು, ಕೊಲಾಜೆನ್ ತುಂಬಿರುತ್ತದೆ. 165ಕ್ಕೆ ತಿನ್ನಬಹುದಾದರೂ ರಬ್ಬರಿನಂತೆ ಜಗ್ಗುತ್ತದೆ, 175 ಮುಟ್ಟಿದ ಮೇಲೆಯೇ ಮೂಳೆ ಬಿಟ್ಟು ಮೆತ್ತಗಾಗುತ್ತದೆ. ಇಡೀ ಕೋಳಿಯನ್ನು ಅಂಗಾತ ಮಲಗಿಸಿ ಓವನ್‌ಗೆ ಇಟ್ಟಾಗ ಬೇಗ ಬೇಯುವ ಎದೆ ಮೇಲೆದ್ದು ಕಾವಿಗೆ ಒಡ್ಡಿಕೊಂಡಿರುತ್ತದೆ, ತಡವಾಗಿ ಬೇಯುವ ತೊಡೆ ಕೆಳಗೆ ಮೈಗೆ ಅಂಟಿಕೊಂಡು ಮರೆಯಲ್ಲಿರುತ್ತದೆ. ನಿಮಗೆ ಆದದ್ದು ಅದೇ. ಒಳಗಿನ ಮಂಜು ಪೂರ್ತಿ ಕರಗಿರದಿದ್ದರೆ ಸಂದು ಇನ್ನೂ ಹಿಂದೆ ಬಿದ್ದಿರುತ್ತದೆ.

ಕೆಂಪು ಬಣ್ಣವೊಂದನ್ನೇ ನೋಡಿ ಬೆಂದಿಲ್ಲ ಎಂದುಕೊಳ್ಳಬೇಡಿ. ಎಳೆಯ ಕೋಳಿಯ ಮೂಳೆಯೊಳಗಿನ ಮಜ್ಜೆಯಿಂದ ಬಣ್ಣ ಇಳಿದು, ಪೂರ್ತಿ ಬೆಂದ ತೊಡೆಯ ಸಂದೂ ಕೆಂಪಾಗಿ ಕಾಣುವುದುಂಟು. ನಿಜ ಹೇಳುವುದು ಥರ್ಮಾಮೀಟರ್ ಮಾತ್ರ. ಹದಿನೈದು ಡಾಲರಿನ ಡಿಜಿಟಲ್ ಥರ್ಮಾಮೀಟರ್ ಸಾಕು, ಅದಿಲ್ಲದೆ ಟರ್ಕಿಗೆ ಕೈ ಹಾಕಬೇಡಿ. ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಮಟ್ಟ 165 ಡಿಗ್ರಿ (74 ಸೆಲ್ಸಿಯಸ್). ಎದೆಯ ಅತಿ ದಪ್ಪನೆಯ ಜಾಗ, ತೊಡೆಯ ಒಳಭಾಗ, ರೆಕ್ಕೆಯ ಬುಡ ಮೂರರಲ್ಲೂ ಅದು ಬರಬೇಕು. ಚುಚ್ಚುವಾಗ ತುದಿ ಮೂಳೆಗೆ ತಾಗಿದರೆ ಮಾಂಸದ ಕಾವು ತಿಳಿಯುವುದಿಲ್ಲ. ಕೋಳಿಯ ಎದೆಗೆ ಸಿಕ್ಕಿಸಿ ಕೊಡುವ ಪ್ಲಾಸ್ಟಿಕ್ ಗುಂಡಿಯನ್ನು ನಂಬಬೇಡಿ, ಅದು ಮೇಲೇಳುವ ಹೊತ್ತಿಗೆ ಎದೆ ಒಣಗಿ ಆಗಿರುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ ಇದು: ಬೆನ್ನುಮೂಳೆ ತೆಗೆದು, ಕೋಳಿಯನ್ನು ಪುಸ್ತಕದಂತೆ ಬಿಚ್ಚಿ ಚಪ್ಪಟೆ ಮಾಡಿ, ಹೆಚ್ಚು ಕಾವಿನಲ್ಲಿ ಬೇಯಿಸಿ. ಸ್ಪ್ಯಾಚ್‌ಕಾಕ್ ಎನ್ನುತ್ತಾರೆ. ನಾಲ್ಕು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಇಳಿಯುತ್ತದೆ, ತೊಡೆಗಳು ಟ್ರೇಯ ಅಂಚಿಗೆ ಬಂದು ಎದೆಗಿಂತ ಬೇಗ ಕಾವು ಹಿಡಿಯುತ್ತವೆ, ಚರ್ಮವೆಲ್ಲ ಮೇಲೆ ಬರುವುದರಿಂದ ಗರಿಗರಿಯಾಗುತ್ತದೆ. ಒಂದೇ ಓವನ್ ಇರುವ ನಿಮಗೆ ಇದಕ್ಕಿಂತ ಅನುಕೂಲದ ದಾರಿ ಇಲ್ಲ. ನಷ್ಟ ಒಂದೇ, ಇಡೀ ಟರ್ಕಿಯನ್ನು ತಟ್ಟೆಯಲ್ಲಿ ಕೂರಿಸಿ ಮೇಜಿಗೆ ತರುವ ಆ ನೋಟ ಸಿಗುವುದಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಗುರುವಾರ, ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಅದರ ಹಿಂದಿನ ಶನಿವಾರ. ಫ್ರಿಜ್‌ನಲ್ಲಿ ಮಂಜು ಬಿಡಲು 4ರಿಂದ 5 ಪೌಂಡಿಗೆ ಒಂದು ದಿನ ಬೇಕು, 14 ಪೌಂಡಿಗೆ ಮೂರೂವರೆ ದಿನ. ಶನಿವಾರ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ. ಅಡಿಗೆ ಅಂಚಿರುವ ಟ್ರೇ ಇರಲಿ, ನೀರು ಸೋರಿ ತರಕಾರಿಗೆ ತಾಗಬಾರದು. ಬುಧವಾರ ಬೆಳಿಗ್ಗೆ ಒಳಗೆ ಕೈ ಹಾಕಿದಾಗ ಇನ್ನೂ ಮಂಜುಗಡ್ಡೆ ಸಿಕ್ಕರೆ ಸೋರದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಮೊದಲಿನಿಂದಲೇ ನೀರಿನಲ್ಲಿ ಬಿಡುವುದಾದರೆ ಪೌಂಡಿಗೆ ಅರ್ಧ ಗಂಟೆ ಲೆಕ್ಕ, ನಿಮ್ಮ ಕೋಳಿಗೆ ಏಳು ಗಂಟೆ, ಆಮೇಲೆ ತಡಮಾಡದೆ ಬೇಯಿಸಬೇಕು. ಅಡುಗೆಕಟ್ಟೆಯ ಮೇಲೆ ಇಡೀ ರಾತ್ರಿ ಬಿಡುವುದು, ಬಿಸಿನೀರಿನಲ್ಲಿ ಹಾಕುವುದು ಬೇಡ. ನಡು ಕಲ್ಲಾಗಿರುವಾಗಲೇ ಹೊರಪದರ ಕೆಡಲು ಶುರುವಾಗುತ್ತದೆ.

ನಮ್ಮ ಮನೆಗಳಲ್ಲಿ ಮಾಂಸ ತಂದ ತಕ್ಷಣ ಅರಿಸಿನ ಹಾಕಿ ತೊಳೆಯುವುದು ರೂಢಿ. ಟರ್ಕಿಯನ್ನು ನಲ್ಲಿಯಡಿ ಹಿಡಿದು ತೊಳೆಯಬೇಡಿ. ಅಷ್ಟು ದೊಡ್ಡ ಮೈಯಿಂದ ಸಿಡಿಯುವ ನೀರು ಸಿಂಕು, ಕಟ್ಟೆ, ಪಕ್ಕದ ಸೊಪ್ಪಿನವರೆಗೂ ರೋಗಾಣುಗಳನ್ನು ಹರಡುತ್ತದೆ. ಕೋಳಿಯ ಮೇಲಿರುವವು ಓವನ್ನಿನ ಕಾವಿಗೆ ಸಾಯುತ್ತವೆ, ಸೊಪ್ಪಿನ ಮೇಲೆ ಬಿದ್ದವು ಸಾಯುವುದಿಲ್ಲ. ಪೇಪರ್ ಟವೆಲ್‌ನಿಂದ ಒಳಗೂ ಹೊರಗೂ ಒರೆಸಿ. ಹೊಟ್ಟೆಯ ಕಡೆ, ಕುತ್ತಿಗೆಯ ಕಡೆ ಎರಡು ಗೂಡುಗಳಿರುತ್ತವೆ, ಎರಡರಲ್ಲೂ ಕೈ ಹಾಕಿ ನೋಡಿ. ಒಂದರಲ್ಲಿ ಕುತ್ತಿಗೆ, ಇನ್ನೊಂದರಲ್ಲಿ ಗುಂಡಿಗೆ, ಲಿವರ್‌ಗಳ ಪೊಟ್ಟಣ ಅಡಗಿರುತ್ತದೆ.

ಬೆನ್ನುಮೂಳೆ ತೆಗೆಯಲು ಗಟ್ಟಿ ಅಡುಗೆ ಕತ್ತರಿ ಬೇಕು. ಕೋಳಿಯನ್ನು ಬೋರಲು ಹಾಕಿ, ಬಾಲದ ಕಡೆಯಿಂದ ಬೆನ್ನುಮೂಳೆಯ ಒಂದು ಮಗ್ಗುಲಿಗೆ ಒತ್ತಿಕೊಂಡು ಕುತ್ತಿಗೆಯವರೆಗೆ ಕತ್ತರಿಸಿ, ಆಮೇಲೆ ಇನ್ನೊಂದು ಮಗ್ಗುಲು. ತೊಡೆಯ ಸಂದಿನ ಹತ್ತಿರ ಕತ್ತರಿ ನಿಲ್ಲುತ್ತದೆ. ಅಲ್ಲಿ ಬಲ ಹಾಕಿ ಜಾರಿಸಿಕೊಳ್ಳಬೇಡಿ, ಅಲಗನ್ನು ಸ್ವಲ್ಪ ಆಚೀಚೆ ಸರಿಸಿ ಮೂಳೆಗಳು ಸೇರುವ ಮೆದು ಜಾಗ ಹುಡುಕಿ. ಅಂಗಾತ ತಿರುಗಿಸಿ, ಕಾಲುಗಳನ್ನು ಹೊರಗೆ ಚಾಚಿ, ಎರಡೂ ಅಂಗೈ ಎದೆಮೂಳೆಯ ಮೇಲಿಟ್ಟು ಲಟಕ್ ಎನ್ನುವವರೆಗೆ ಒತ್ತಿ. ರೆಕ್ಕೆಯ ತುದಿಗಳನ್ನು ಎದೆಯ ಹಿಂದಕ್ಕೆ ಸಿಕ್ಕಿಸಿ, ಹೊರಗಿದ್ದರೆ ಸೀದುಹೋಗುತ್ತವೆ. ಬೆನ್ನುಮೂಳೆ ಬಿಸಾಡಬೇಡಿ, ಗ್ರೇವಿಗೆ ಅದೇ ಜೀವ. ಈ ಕೆಲಸ ಹೆದರಿಕೆ ಎನಿಸಿದರೆ ಮಾಂಸದ ಅಂಗಡಿಯಲ್ಲಿ ಕೇಳಿ, ಮಂಜು ಬಿಟ್ಟ ಕೋಳಿಯನ್ನು ಎಷ್ಟೋ ಕಡೆ ಮಾಡಿಕೊಡುತ್ತಾರೆ.

ಇನ್ನು ಉಪ್ಪು. ಎದೆಯನ್ನು ಉಳಿಸುವುದರಲ್ಲಿ ಥರ್ಮಾಮೀಟರ್ ಬಿಟ್ಟರೆ ಇದೇ ಮುಖ್ಯ, ಆದರೆ ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ. ಬುಧವಾರ ಬೆಳಿಗ್ಗೆ ಹಚ್ಚಿದ ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಆ ನೀರಿನಲ್ಲೇ ಕರಗುತ್ತದೆ, ಗಂಟೆಗಳು ಕಳೆದಂತೆ ಒಳಕ್ಕೆ ಇಳಿಯುತ್ತದೆ. ಉಪ್ಪು ಹಿಡಿದ ಎಳೆಗಳು ಬೇಯುವಾಗ ಅಷ್ಟು ಬಿಗಿಯುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಲೆಕ್ಕ ಕಿಲೋಗೆ 8 ಗ್ರಾಂ, ನಿಮ್ಮ 14 ಪೌಂಡಿಗೆ (6.35 ಕಿಲೋ) 50 ಗ್ರಾಂ. ಚಮಚದ ಅಳತೆ ಬೇಡ, ತೂಗಿ. ಹರಳಾದ ಕೋಷರ್ ಉಪ್ಪಿನ ಒಂದು ಚಮಚಕ್ಕೂ ನುಣ್ಣನೆಯ ಪುಡಿ ಉಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ತುಂಬಾ ಅಂತರ ಇರುತ್ತದೆ. ಇದಕ್ಕೆ ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್ ಬೆರೆಸಿದರೆ ಚರ್ಮ ಚೆನ್ನಾಗಿ ಕೆಂಪಗಾಗಿ ಗರಿಗರಿಯಾಗುತ್ತದೆ. ಬೇಕಿಂಗ್ ಸೋಡಾ ಅಲ್ಲ, ಅದು ಸೋಪಿನ ರುಚಿ ಕೊಡುತ್ತದೆ. ದಪ್ಪ ಇರುವ ಎದೆ, ತೊಡೆಗೆ ಹೆಚ್ಚು, ರೆಕ್ಕೆಗೆ ಕಡಿಮೆ ಹಚ್ಚಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಮುಚ್ಚಿದರೆ ಚರ್ಮ ಒಣಗುವುದಿಲ್ಲ. ಒದ್ದೆ ಚರ್ಮ ಓವನ್‌ನಲ್ಲಿ ಮೊದಲು ಬೇಯುತ್ತದೆ, ಆಮೇಲೆ ಕೆಂಪಾಗುತ್ತದೆ, ಅಷ್ಟರಲ್ಲಿ ಎದೆ ಕೈಬಿಟ್ಟಿರುತ್ತದೆ.

ಇದಕ್ಕೂ ಮುಂಚೆ ಚೀಟಿ ಓದಿ. ಫ್ರೋಜನ್ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುವುದು ಸಾಮಾನ್ಯ. ಇಷ್ಟು ಶೇಕಡಾ ದ್ರಾವಣ ಸೇರಿಸಿದೆ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅಂಥದ್ದಕ್ಕೆ, ಹಾಗೆಯೇ ಕೋಷರ್ (ಯಹೂದಿ ಪದ್ಧತಿಯಂತೆ ಮೊದಲೇ ಉಪ್ಪು ಹಚ್ಚಿದ್ದು) ಎಂದು ಮಾರುವ ಕೋಳಿಗೆ, ಮೇಲೆ ಹೇಳಿದ ಉಪ್ಪಿನ ಮೂರನೇ ಒಂದು ಭಾಗ ಸಾಕು. ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಮುಳುಗಿಸುವ ಹಳೆಯ ಪದ್ಧತಿಯೂ ಇದೆ: ಗ್ಯಾಲನ್ ನೀರಿಗೆ ಅರ್ಧ ಕಪ್ ಪುಡಿ ಉಪ್ಪು, ಫ್ರಿಜ್‌ನಲ್ಲಿ 12 ಗಂಟೆ. ಎದೆ ಒಣಗುವುದಿಲ್ಲ, ನಿಜ. ಆದರೆ ರುಚಿ ನೀರಾಗುತ್ತದೆ, ಚರ್ಮ ನೆನೆಯುತ್ತದೆ, ಕೆಳಗೆ ಇಳಿಯುವ ರಸ ಉಪ್ಪಾಗಿ ಗ್ರೇವಿ ಕೆಡುತ್ತದೆ. ಒಣ ಉಪ್ಪೇ ಮೇಲು.

ಗುರುವಾರ ಓವನ್ 450 ಡಿಗ್ರಿಗೆ (232 ಸೆಲ್ಸಿಯಸ್) ಕಾಯಲಿ. ಅಂಚಿರುವ 18 ಅಂಗುಲಕ್ಕೆ 13 ಅಂಗುಲದ ಟ್ರೇ, ಅದರ ಮೇಲೆ ತಂತಿಯ ರ‍್ಯಾಕ್. ರ‍್ಯಾಕಿನ ಅಡಿಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲರಿ ಹೆಚ್ಚಿ ಹರಡಿ ಒಂದು ಕಪ್ ನೀರು ಸುರಿಯಿರಿ. ಇಲ್ಲದಿದ್ದರೆ ತೊಟ್ಟಿಕ್ಕುವ ಕೊಬ್ಬು ಸೀದು ಮನೆಯೆಲ್ಲ ಹೊಗೆ, ಅಲಾರಂ ಕೂಗಾಟ. ನೀರು ಆರಿದರೆ ಮತ್ತೆ ಸ್ವಲ್ಪ ಹಾಕಿ. ಚರ್ಮಕ್ಕೆ ಎಣ್ಣೆ ಅಥವಾ ತುಪ್ಪ ತೆಳ್ಳಗೆ ಸವರಿ. ಬೆಣ್ಣೆಯಲ್ಲಿ ನೀರೂ ಹಾಲಿನ ಅಂಶವೂ ಇರುವುದರಿಂದ ಈ ಕಾವಿಗೆ ಕಪ್ಪಾಗುತ್ತದೆ, ತುಪ್ಪಕ್ಕೆ ಆ ತೊಂದರೆ ಇಲ್ಲ. 80ರಿಂದ 90 ನಿಮಿಷ ಹಿಡಿಯುತ್ತದೆ. 60ನೇ ನಿಮಿಷದಿಂದ ಹತ್ತು ನಿಮಿಷಕ್ಕೊಮ್ಮೆ ಚುಚ್ಚಿ ನೋಡಿ. ಚರ್ಮ ಮೊದಲೇ ಕಪ್ಪಾಗತೊಡಗಿದರೆ 400ಕ್ಕೆ ಇಳಿಸಿ. ಎದೆ 160, ತೊಡೆ 175 ಆದಾಗ ಹೊರಗೆ ತೆಗೆಯಿರಿ. ಹೊರಗಿನ ಬಿಸಿ ಒಳಕ್ಕೆ ಸರಿದು ಎದೆ ತಾನಾಗಿಯೇ 165ಕ್ಕೆ ಏರುತ್ತದೆ. ಏರಿತೇ ಎಂದು ಇನ್ನೊಮ್ಮೆ ಚುಚ್ಚಿ ನೋಡಿ, ಏರದಿದ್ದರೆ ಐದು ನಿಮಿಷ ಮತ್ತೆ ಓವನ್‌ಗೆ. ಗರ್ಭಿಣಿಯರು, ವಯಸ್ಸಾದವರು ಊಟಕ್ಕೆ ಇದ್ದರೆ ಓವನ್‌ನಲ್ಲೇ 165 ಆಗಲಿ, ಒಳ್ಳೆಯ ಉಪ್ಪು ಹಿಡಿದ ಎದೆ ಅಷ್ಟಕ್ಕೆ ಒಣಗುವುದಿಲ್ಲ. ಮಧ್ಯೆ ಮಧ್ಯೆ ಬಾಗಿಲು ತೆಗೆದು ರಸವನ್ನು ಮೇಲೆ ಸುರಿಯುವ ಅಭ್ಯಾಸ ಬಿಡಿ. ಆ ರಸ ಮಾಂಸದೊಳಕ್ಕೆ ಹೋಗುವುದಿಲ್ಲ, ಚರ್ಮ ಮೆತ್ತಗಾಗುತ್ತದೆ, ಓವನ್ನಿನ ಕಾವು ಬೀಳುತ್ತದೆ.

ಒಂದು ಗಂಟೆಯ ಊಟವಾದರೆ ಹನ್ನೊಂದಕ್ಕೆ ಒಳಗಿಡಿ. ಹನ್ನೆರಡೂವರೆಗೆ ಓವನ್ ಖಾಲಿ, ಟರ್ಕಿ ಅರ್ಧ ಗಂಟೆ ಹಾಗೇ ಕೂತಿರುವಾಗ ಉಳಿದವರು ತಂದ ತಿಂಡಿಗಳೆಲ್ಲ ಬಿಸಿಯಾಗುತ್ತವೆ. ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಹೊದಿಸಬೇಡಿ, ಹಬೆಗೆ ಚರ್ಮ ನೆನೆದುಹೋಗುತ್ತದೆ.

ಮಸಾಲೆ ಖಂಡಿತ ಹಾಕಬಹುದು, ಎಲ್ಲಿ ಹಾಕುತ್ತೀರಿ ಎಂಬುದೇ ವಿಷಯ. 450 ಡಿಗ್ರಿಯಲ್ಲಿ ಚರ್ಮದ ಮೇಲಿನ ಬ್ಯಾಡಗಿ ಮೆಣಸಿನ ಪುಡಿ, ಬೆಳ್ಳುಳ್ಳಿ, ಮೊಸರು ಎಲ್ಲ ಸೀದು ಕಹಿಯಾಗುತ್ತವೆ. ಕುತ್ತಿಗೆಯ ಕಡೆಯಿಂದ ಬೆರಳು ತೂರಿಸಿ ಚರ್ಮವನ್ನು ಹರಿಯದಂತೆ ಮಾಂಸದಿಂದ ಬಿಡಿಸಿ, ಒಳಗೆ ಸವರಿ: ನಾಲ್ಕು ದೊಡ್ಡ ಚಮಚ ತುಪ್ಪಕ್ಕೆ ಕುಟ್ಟಿದ ಕರಿಮೆಣಸು ಎರಡು ಚಮಚ, ಹುರಿದು ಪುಡಿಮಾಡಿದ ಕೊತ್ತಂಬರಿ ಬೀಜ ಎರಡು ಚಮಚ, ಜೀರಿಗೆ ಒಂದು ಚಮಚ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಒಂದೂವರೆ ಚಮಚ, ಒಂದು ಎಸಳು ಕರಿಬೇವು ಸಣ್ಣಗೆ ಹೆಚ್ಚಿ. ಉಪ್ಪು ಬೇಡ, ಆಗಲೇ ಹಾಕಿದ್ದೀರಿ. ಮಟನ್ನಿಗೆ ಹಾಕುವಂತೆ ಪಪ್ಪಾಯಿ ಕಾಯಿ ಅರೆದು ಹಚ್ಚಬೇಡಿ. ಅದರ ಕಿಣ್ವ ಎದೆಯ ಮೇಲ್ಪದರವನ್ನು ಹಿಟ್ಟಿನಂತೆ ಮಾಡುತ್ತದೆ, ಒಳಕ್ಕೆ ಮಾತ್ರ ಇಳಿಯುವುದಿಲ್ಲ.

ಮಸಾಲೆಯನ್ನು ಮನಸಾರೆ ಹಾಕಬೇಕೆಂದರೆ ಕೋಳಿಯನ್ನು ಬಿಡಿಸಿ ಬೇಯಿಸುವುದೇ ನನಗೆ ಹೆಚ್ಚು ಇಷ್ಟದ ದಾರಿ. ಕಾಲುಗಳನ್ನು ತೊಡೆಸಮೇತ ಬೇರೆ ಮಾಡಿ. ಮೂಳೆಸಹಿತ ಎದೆಯನ್ನು ಒಂದೇ ತುಂಡಾಗಿ 325 ಡಿಗ್ರಿಯಲ್ಲಿ (163 ಸೆಲ್ಸಿಯಸ್) ಎರಡು ಗಂಟೆಯ ಆಸುಪಾಸಿನಲ್ಲಿ ಬೇಯಿಸಿ, ಕೊನೆಯ ಹತ್ತು ನಿಮಿಷ 475ಕ್ಕೆ ಏರಿಸಿ ಚರ್ಮ ಗರಿಗರಿ ಮಾಡಿ. ಕಾಲುಗಳನ್ನು ಒಲೆಯ ಮೇಲೆ ಕೋಳಿ ಸಾರಿನ ಮಸಾಲೆಯಲ್ಲಿ ಸಣ್ಣ ಉರಿಗೆ ಒಂದೂವರೆಯಿಂದ ಎರಡು ಗಂಟೆ ಬಿಡಿ. ಬ್ರಾಯ್ಲರ್ ಕೋಳಿ ಅಷ್ಟು ಹೊತ್ತಿಗೆ ಕರಗಿಹೋಗುತ್ತಿತ್ತು, ಟರ್ಕಿ ಕಾಲು ಅಷ್ಟು ಹೊತ್ತಿನಲ್ಲೇ ರುಚಿಯಾಗುವುದು, ಸಾರಿಗೆ ನಾಟಿ ಕೋಳಿಯ ಗಟ್ಟಿತನ ಬರುತ್ತದೆ. ಕೆಳಗಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ. ಬೆಂದ ಮೇಲೆ ಎಳೆದರೆ ಸಲೀಸಾಗಿ ಬರುತ್ತವೆ, ಮಕ್ಕಳಿಗೆ ಬಡಿಸುವ ಮೊದಲು ತೆಗೆದುಬಿಡಿ. ಮಂಗಳೂರು, ಬೆಂಗಳೂರಿನಲ್ಲಿ ಕ್ರಿಸ್‌ಮಸ್‌ಗೆ ಟರ್ಕಿ ತರುವವರಿಗೂ ಇದೇ ವಿಧಾನ ಹೊಂದುತ್ತದೆ, ಮನೆಯ ಓಟಿಜಿಯಲ್ಲಿ ಇಡೀ ಕೋಳಿ ಹಿಡಿಸುವುದಿಲ್ಲ.

ಭಾವನವರ ಯೋಚನೆಗೆ ಬರುತ್ತೇನೆ. ಕರಿದ ಟರ್ಕಿ ಲೂಯಿಸಿಯಾನಾದ ಕೇಜನ್ ಅಡುಗೆಯ ಹೆಮ್ಮೆ, ರುಚಿಯಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಗ್ಯಾರೇಜಿನಲ್ಲಿ ಬೇಡವೇ ಬೇಡ, ಮರದ ಡೆಕ್ ಮೇಲೂ ಬೇಡ. ಮನೆಯಿಂದ, ಮರಗಳಿಂದ ದೂರ, ಸಮತಟ್ಟಾದ ನೆಲದ ಮೇಲೆ ಆಗಬೇಕು. ಇಲ್ಲಿ ಅನಾಹುತವಾಗುವುದು ಎರಡು ಕಾರಣಕ್ಕೆ. ಕೋಳಿಯೊಳಗೆ ಉಳಿದ ಮಂಜು 350 ಡಿಗ್ರಿಯ ಎಣ್ಣೆಗೆ ಬಿದ್ದೊಡನೆ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ, ಎಣ್ಣೆಯನ್ನು ಪಾತ್ರೆಯಿಂದ ಹೊರಗೆ ಎತ್ತಿ ಚೆಲ್ಲುತ್ತದೆ, ಅಡಿಯಲ್ಲಿ ಉರಿಯುವ ಬರ್ನರ್ ಅದಕ್ಕೆ ಬೆಂಕಿ ಹಚ್ಚುತ್ತದೆ. ಎರಡನೆಯದು, ಪಾತ್ರೆ ತುಂಬಾ ಎಣ್ಣೆ ಸುರಿದಿರುವುದು. ಹಿಂದಿನ ದಿನವೇ ಅಳತೆ ಮಾಡಿ: 30 ಕ್ವಾರ್ಟ್ ಪಾತ್ರೆಯಲ್ಲಿ ಪೊಟ್ಟಣ ಬಿಚ್ಚದ ಕೋಳಿಯನ್ನಿಟ್ಟು ಮುಳುಗುವಷ್ಟು ನೀರು ಹಾಕಿ, ಕೋಳಿ ತೆಗೆದು ನೀರು ಎಲ್ಲಿಗೆ ಇಳಿಯಿತೋ ಅಲ್ಲಿ ಗುರುತು ಮಾಡಿ, ಪಾತ್ರೆಯನ್ನು ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆ ಅಲ್ಲಿಯವರೆಗೆ ಮಾತ್ರ, ಸುಮಾರು ಮೂರರಿಂದ ಮೂರೂವರೆ ಗ್ಯಾಲನ್. ಕಡಲೆಕಾಯಿ ಎಣ್ಣೆ ಒಳ್ಳೆಯದು, ಬರುವವರಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿ. ಕೋಳಿ ಬಿಡುವಾಗ ಬರ್ನರ್ ಆರಿಸಿ, ಕೊಕ್ಕೆಯಿಂದ ನಿಧಾನವಾಗಿ ಇಳಿಸಿ, ಮೊರೆತ ತಗ್ಗಿದ ಮೇಲೆ ಮತ್ತೆ ಹಚ್ಚಿ. ಪೌಂಡಿಗೆ ಮೂರೂವರೆ ನಿಮಿಷದಂತೆ 14 ಪೌಂಡಿಗೆ ಸುಮಾರು 50 ನಿಮಿಷ, ಇದಕ್ಕಿಂತ ದೊಡ್ಡ ಕೋಳಿ ಕರಿಯಲು ತಕ್ಕುದಲ್ಲ. ಹಸಿ ಮಸಾಲೆ, ಮೊಸರು ಹಚ್ಚಿದ್ದನ್ನು ಎಣ್ಣೆಗೆ ಬಿಡಬಾರದು. ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ, ಅಡುಗೆ ಎಣ್ಣೆಯ ಬೆಂಕಿಗೆ ತಕ್ಕ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಲ್ಲಿರಲಿ. ಮಕ್ಕಳು ಓಡಾಡುವ ಮನೆಯಲ್ಲಿ, ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆ ಎಣ್ಣೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತೂ ಅದನ್ನು ಕಾಯಬೇಕು.

ಸ್ಮೋಕರ್ ಸಿಗುವುದಾದರೆ ಓವನ್ ಪೂರ್ತಿ ಬಿಡುವಾಗುತ್ತದೆ. ಸೇಬಿನ ಅಥವಾ ಚೆರಿಯ ಕಟ್ಟಿಗೆ ಹಾಕಿ, ಹಿಕರಿ ಸ್ವಲ್ಪ ಹೆಚ್ಚಾದರೂ ಒಗರು. 225 ಡಿಗ್ರಿಯಲ್ಲಿ ಪೌಂಡಿಗೆ ಅರ್ಧ ಗಂಟೆ, ಅಂದರೆ ನಿಮಗೆ ಏಳು ಗಂಟೆ. ಅಷ್ಟು ಕಡಿಮೆ ಕಾವಿನಲ್ಲಿ ಚರ್ಮ ತೊಗಲಿನಂತೆ ಉಳಿಯುತ್ತದೆ, ಮಾಂಸ ಅಪಾಯದ ಮಟ್ಟವಾದ 40ರಿಂದ 140 ಡಿಗ್ರಿಯ ನಡುವೆ ಬಹಳ ಹೊತ್ತು ನಿಲ್ಲುತ್ತದೆ. ಚಪ್ಪಟೆ ಮಾಡಿದ ಕೋಳಿಯನ್ನು 275ರಿಂದ 300ರಲ್ಲಿ ಇಡುವುದು ಕ್ಷೇಮ. ಚರ್ಮದ ಕೆಳಗಿನ ಗುಲಾಬಿ ಪದರ ಹೊಗೆಯಿಂದ ಬಂದದ್ದು, ಬೆಂದಿಲ್ಲವೆಂದಲ್ಲ.

ಓವನ್ ಚೀಲದಲ್ಲಿ ಒಂದು ಚಮಚ ಹಿಟ್ಟು ಉದುರಿಸಿ, ಮೇಲೆ ನಾಲ್ಕಾರು ಸೀಳು ಕೊಟ್ಟು 350ರಲ್ಲಿ ಇಟ್ಟರೆ ಎರಡರಿಂದ ಎರಡೂವರೆ ಗಂಟೆಗೆ ಬೇಯುತ್ತದೆ. ಮಾಂಸ ಒದ್ದೆಯಾಗಿರುತ್ತದೆ, ಚರ್ಮದ ಆಸೆ ಬಿಡಬೇಕು. ಇಡೀ ಕೋಳಿಯೇ ಮೇಜಿನ ಮೇಲೆ ಕಾಣಬೇಕೆಂದು ಮನೆಯವರು ಹಟ ಹಿಡಿದರೆ 325ರಲ್ಲಿ ಮೂರರಿಂದ ಮೂರೂಮುಕ್ಕಾಲು ಗಂಟೆ. ಒಳಗಿಡುವ ಮುಂಚೆ 45 ನಿಮಿಷ ಎದೆಯ ಮೇಲೆ ಮಂಜುಗಡ್ಡೆಯ ಚೀಲ ಇಡಿ. ಎದೆ ತಣ್ಣಗೆ, ತೊಡೆ ಬೆಚ್ಚಗೆ ಹೊರಟರೆ ಕೊನೆಗೆ ಎರಡೂ ಹತ್ತಿರ ಹತ್ತಿರ ಒಟ್ಟಿಗೆ ಮುಟ್ಟುತ್ತವೆ. ಬ್ರೆಡ್ಡಿನ ಸ್ಟಫಿಂಗ್ ಹೊಟ್ಟೆಯೊಳಗೆ ತುಂಬಬೇಡಿ, ಹಸಿ ರಸ ಹೀರಿದ ಆ ಬ್ರೆಡ್ಡಿನ ನಡುವೂ 165 ಆಗುವಷ್ಟರಲ್ಲಿ ಎದೆ ಮತ್ತೆ ಹತ್ತಿಯಾಗಿರುತ್ತದೆ. ಬೇರೆ ಪಾತ್ರೆಯಲ್ಲಿ ಬೇಯಿಸಿ.

ಗ್ರೇವಿಗೆ ಬುಧವಾರವೇ ಬೆನ್ನುಮೂಳೆ, ಕುತ್ತಿಗೆಯನ್ನು ಕೆಂಪಗೆ ಹುರಿದು, ಈರುಳ್ಳಿ, ಕರಿಮೆಣಸು, ಮುಳುಗುವಷ್ಟು ನೀರು ಹಾಕಿ ಪ್ರೆಶರ್ ಕುಕ್ಕರಿನಲ್ಲಿ ಸಣ್ಣ ಉರಿಗೆ 45 ನಿಮಿಷ ಇಟ್ಟು ಸೋಸಿಕೊಳ್ಳಿ. ಲಿವರ್ ಸೇರಿಸಬೇಡಿ, ಕಹಿ ಬಿಡುತ್ತದೆ. ಮರುದಿನ ಟ್ರೇಯಿಂದ ನಾಲ್ಕು ದೊಡ್ಡ ಚಮಚ ಕೊಬ್ಬು ತೆಗೆದು ಅಷ್ಟೇ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, ಮೂರು ಕಪ್ ಸ್ಟಾಕ್ ಸ್ವಲ್ಪ ಸ್ವಲ್ಪವೇ ಬೆರೆಸಿ ಕುದಿಸಿ. ಟ್ರೇಯ ರಸವನ್ನೂ ಹಾಕಿ, ಉಪ್ಪನ್ನು ಎಲ್ಲಕ್ಕೂ ಕೊನೆಯಲ್ಲಿ ರುಚಿ ನೋಡಿ ಹಾಕಿ.

ಬಡಿಸುವಾಗ ಎದೆಯನ್ನು ಮೂಳೆಯ ಮೇಲಿಟ್ಟೇ ಉದ್ದುದ್ದ ಸೀಳಬೇಡಿ. ಎದೆಮೂಳೆಯ ಪಕ್ಕಕ್ಕೆ ಚಾಕು ಇಳಿಸಿ ಒಂದೊಂದು ಬದಿಯನ್ನು ಇಡಿಯಾಗಿ ಬಿಡಿಸಿ, ಹಲಗೆಯ ಮೇಲೆ ಎಳೆಗಳಿಗೆ ಅಡ್ಡವಾಗಿ ಅರ್ಧ ಅಂಗುಲದ ಹೋಳು ಮಾಡಿ. ಪ್ರತಿ ಹೋಳಿಗೂ ಚರ್ಮದ ಪಾಲು ಬರುತ್ತದೆ, ಎಳೆ ಗಿಡ್ಡವಾಗುವುದರಿಂದ ಬಾಯಿಗೆ ಮೆತ್ತಗಿರುತ್ತದೆ. ಓವನ್‌ನಿಂದ ತೆಗೆದ ಎರಡು ಗಂಟೆಯೊಳಗೆ ಉಳಿದ ಮಾಂಸವನ್ನು ಮೂಳೆಯಿಂದ ಬಿಡಿಸಿ ಫ್ರಿಜ್‌ಗೆ ಹಾಕಿ, ಮೂರು ನಾಲ್ಕು ದಿನ ಇರುತ್ತದೆ. ಎದೆಯ ಹೋಳುಗಳನ್ನು ಒಣದಾಗಿ ಮೈಕ್ರೋವೇವ್ ಮಾಡದೆ ಗ್ರೇವಿಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಬಿಸಿಮಾಡಿ. ಬೇರೆ ತೆಗೆದ ಎದೆಗೂಡನ್ನು ಅದೇ ಕುಕ್ಕರಿಗೆ ಹಾಕಿದರೆ ಶುಕ್ರವಾರದ ಮೂಳೆ ಸಾರಿಗೆ ಬೇಕಾದಷ್ಟು ರಸ ಸಿಗುತ್ತದೆ.